ಅರಿಶಿನ ಹಚ್ಚಿದ ಜೆರ್ಸಿಗಳು

ಷಿಕಾಗೋ ಪಕ್ಕದ ಲೊಂಬಾರ್ಡಿನ ಶಾಂಭವಿ ಆಂಟಿಗೆ ಗೇಲಿಕ್ ಫುಟ್‌ಬಾಲಿನ ನಿಯಮಗಳು ಇವತ್ತಿಗೂ ಅರ್ಧಂಬರ್ಧವೇ ಗೊತ್ತು. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು; ಕಂಬಗಳ ನಡುವೆ ಮೇಲಿಂದ ಹೋದರೆ ಒಂದು ಪಾಯಿಂಟು, ಬಲೆಯೊಳಗೆ ಬಿದ್ದರೆ ಮೂರು. ಅವರಿಗೆ ಅಷ್ಟು ಸಾಕು. ಆದರೆ ಆ ಆಟದ ಕಲೆಗಳ ಬಗ್ಗೆ ಕೇಳಿ ನೋಡಿ! ಹುಲ್ಲಿನ ಕಲೆಗೆ ಏನು ಹಾಕಬೇಕು, ಮೂಗಿನ ರಕ್ತಕ್ಕೆ ತಣ್ಣೀರೇ ಏಕೆ ಬೇಕು, ಎಲ್ಲ ನಿಂತ ನಿಲುವಿನಲ್ಲಿ ಹೇಳುತ್ತಾರೆ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿದವರು. ಆ ಓದು ಕೊನೆಗೂ ಉಪಯೋಗಕ್ಕೆ ಬಂದದ್ದು ಐರಿಷ್ ಆಟದ ಬಟ್ಟೆ ಒಗೆಯುವುದಕ್ಕೆ.

ಅದು ಶುರುವಾದದ್ದು ಆರು ವರ್ಷದ ಹಿಂದೆ, ಮಗಳು ಇಳಾ ಷಿಕಾಗೋದ ಹುಡುಗಿಯರ ತಂಡ ಸೇರಿದಾಗ. ಮ್ಯಾಚ್ ಮುಗಿದ ಮೇಲೆ ಜೆರ್ಸಿಗಳು ಯಾರದೋ ಕಾರಿನ ಡಿಕ್ಕಿಯಲ್ಲಿ ವಾರವಿಡೀ ನಾರುವುದನ್ನು ಕಂಡು ಆಂಟಿಗೆ ತಡೆಯಲಾಗಲಿಲ್ಲ, ಚೀಲವನ್ನು ಮನೆಗೆ ಹೊತ್ತು ತಂದರು. ಅಂದಿನಿಂದ ಅದು ಅವರದೇ ಚೀಲ. ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುವ ಐರಿಷ್ ಹುಡುಗಿಯರು ಅವರನ್ನು ಮಾತ್ರ ‘ಆಂಟಿ’ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಈ ದೇಶದಲ್ಲಿದ್ದೂ, ಇಲ್ಲಿ ತನಗೊಂದು ಜಾಗವಿದೆ ಎಂದು ಆಂಟಿಗೆ ಅನ್ನಿಸಿದ್ದು ಆ ಚೀಲ ಹೆಗಲಿಗೇರಿದ ಮೇಲೆಯೇ.

ಇಳಾ ಹಾಕಿದ್ದ ಷರತ್ತು ಒಂದೇ: ತಂಡದ ಸಾಮಾನಿಗೆ ಪೂಜೆಗೀಜೆ ಮಾಡಬಾರದು. ಮೊದಲ ವರ್ಷದ ಆಯುಧಪೂಜೆಗೆ ಆಂಟಿ ಚೆಂಡಿಗೆ ಕುಂಕುಮ ಬಳಿದು, ಗೋಲ್‌ಕೀಪರ್ ಹುಡುಗಿ ತನ್ನ ಕೈ ಕೆಂಪಾದದ್ದು ನೋಡಿ ಚೀರಿಕೊಂಡ ದಿನದಿಂದ ಜಾರಿಯಲ್ಲಿದ್ದ ಕಾನೂನು ಅದು. ಆಂಟಿ ಮಾತು ಕೊಟ್ಟಿದ್ದರು.

ಈ ಆಗಸ್ಟಿನಲ್ಲಿ ತಂಡ ಮಿಡ್‌ವೆಸ್ಟ್ ವಲಯದ ಫೈನಲ್ ಮುಟ್ಟಿತು. ಎದುರಾಳಿ ಡೆಟ್ರಾಯ್ಟ್, ಆಟ ಅವರ ಊರಿನ ಪಕ್ಕದ ಮೈದಾನದಲ್ಲಿ, ಭಾನುವಾರ. ಶುಕ್ರವಾರ ಸಂಜೆ ಹದಿನೆಂಟು ಹೊಸ ಜೆರ್ಸಿ ಬಂದವು, ಅಚ್ಚ ಬಿಳಿ. ಮೂಲೆಗೆ ಚೂರು ಅರಿಶಿನ ಹಚ್ಚದೆ ಹೊಸ ಬಟ್ಟೆ ಮೈಗೆ ಹಾಕುವುದುಂಟೆ? ಇದು ಪೂಜೆಯಲ್ಲ, ಪದ್ಧತಿ ಎಂದು ಆಂಟಿ ತಾವೇ ವಾದ ಮಂಡಿಸಿ, ತಾವೇ ತೀರ್ಪು ಕೊಟ್ಟುಕೊಂಡು, ಒಂದೊಂದರ ಕೆಳಮೂಲೆಗೂ ಒಳಗಡೆ ಒಂದು ಬೊಟ್ಟು ಹಚ್ಚಿದರು. ಇಳಾಳ ಆರನೇ ನಂಬರಿಗೆ ಬೊಟ್ಟು ಸ್ವಲ್ಪ ದೊಡ್ಡದೇ ಆಯಿತು. ಹೆತ್ತ ಕೈ, ಅಳತೆ ತಪ್ಪಿತು.

ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ಮೇವ್ ಫೋನ್ ಮಾಡಿದಳು: ಹೊಸ ಬಟ್ಟೆ ಮೈಗೆ ಉಜ್ಜುತ್ತದೆ, ಒಂದು ಸಲ ಒಗೆದು ತನ್ನಿ. ಕಡಲೆಕಾಳಿನಷ್ಟು ಅರಿಶಿನ ಏನು ಮಾಡೀತು ಎಂದುಕೊಂಡು ಆಂಟಿ ಹದಿನೆಂಟನ್ನೂ ಒಟ್ಟಿಗೆ ಮಷಿನ್ನಿಗೆ ಹಾಕಿದರು. ಅಷ್ಟರಲ್ಲಿ ಡೆಟ್ರಾಯ್ಟಿಗೆ ಹೊರಡಲು ಕೆಳಗೆ ಇಳಾಳ ಹಾರ್ನ್ ಮೇಲೆ ಹಾರ್ನ್. ಕನ್ನಡಕವೂ ಇಲ್ಲದೆ ಒದ್ದೆ ಬಟ್ಟೆ ಬಾಚಿ ಚೀಲಕ್ಕೆ ತುಂಬಿದರು. ರಾತ್ರಿ ಉಳಿದ ಮೋಟೆಲಿನ ಡ್ರೈಯರ್ ಕೆಟ್ಟಿತ್ತು. ಬೆಳಿಗ್ಗೆ ಬೇಗ ಹೋಗಿ ಮೈದಾನದಲ್ಲೇ ಹರವಿದರಾಯಿತು ಎಂದು ಮಲಗಿದರು.

ಭಾನುವಾರ ಒಂಬತ್ತು ಗಂಟೆಗೆ ಚೀಲ ಬಿಚ್ಚಿದರೆ, ಹದಿನೆಂಟೂ ಚಿತ್ರಾನ್ನದ ಬಣ್ಣ.

ಡೆಟ್ರಾಯ್ಟಿನವರ ಜೆರ್ಸಿಯೂ ಹಳದಿ. ರೆಫರಿ ಬಂದು ನೋಡಿ, ಎರಡೂ ತಂಡ ಒಂದೇ ಬಣ್ಣದಲ್ಲಿ ಆಡುವಂತಿಲ್ಲ, ಹನ್ನೆರಡೂವರೆಯೊಳಗೆ ಬಿಳಿ ತೋರಿಸಿ, ಇಲ್ಲವಾದರೆ ಪ್ರಾಕ್ಟೀಸಿನ ಹರಕು ಬನಿಯನ್ನು ಹಾಕಿಕೊಂಡು ಆಡಿ ಎಂದು ಹೇಳಿ ಹೋದರು. ಹಳೆಯ ಜೆರ್ಸಿಗಳನ್ನು ಮಕ್ಕಳ ತಂಡಕ್ಕೆ ಕೊಟ್ಟಾಗಿತ್ತು.

“ಏನಾಯ್ತು ಇದಕ್ಕೆ?” ಎಂದಳು ಮೇವ್. ಇಳಾಗೆ ವಾಸನೆಯಲ್ಲೇ ಗೊತ್ತಾಗಿತ್ತು. ತಪ್ಪನ್ನು ಮಷಿನ್ನಿನ ಮೇಲೆ ಹಾಕಿದ್ದರೆ ಉಳಿದವರೆಲ್ಲ ನಂಬುತ್ತಿದ್ದರು. ಆಂಟಿಗೆ ಅದು ಆಗಲಿಲ್ಲ.

“ಅರಿಶಿನ. ನಾನೇ ಹಚ್ಚಿದ್ದು. ನಿಮಗೆಲ್ಲ ಒಳ್ಳೇದಾಗ್ಲಿ ಅಂತ.”

“ಅಮ್ಮಾ, ಯೂ ಪ್ರಾಮಿಸ್ಡ್,” ಎಂದಳು ಇಳಾ, ಮೆಲ್ಲಗೆ. ಆಂಟಿ ಚೀಲದ ಕಡೆ ನೋಡಿದರು. ಹುಡುಗಿಯರು ಹರಕು ಬನಿಯನ್ನಿನಲ್ಲಿ ಫೈನಲ್ ಆಡುವುದು ಒಂದು ಕಡೆ. ನಾಳೆಯಿಂದ ಈ ಚೀಲ ಬೇರೆಯವರ ಕೈಗೆ ಹೋದರೆ?

ಕೂತು ಅಳುವುದಕ್ಕೆ ಹೊತ್ತಿರಲಿಲ್ಲ. ಆಂಟಿ ಚೂಡಿದಾರದ ತೋಳು ಮೇಲೇರಿಸಿ, ಬಕೆಟ್ಟಿಗೆ ನೀರು ಹಿಡಿದು ಸೋಪು ತಿಕ್ಕಿದರು. ತಿಕ್ಕಿದಲ್ಲೆಲ್ಲ ಜೆರ್ಸಿ ರಕ್ತದಂತೆ ಕೆಂಪಗಾಯಿತು. ಮೇವ್ ಹಾಗೇ ಹುಲ್ಲಿನ ಮೇಲೆ ಕುಸಿದು ಕೂತಳು.

“ಹೆದರ್ಕೋಬೇಡಮ್ಮ. ಸೋಪು ತಾಗಿದ್ರೆ ಅರಿಶಿನ ಹಾಗೇನೇ. ಮಿಕ್ಕಿದ್ದನ್ನ ಬಿಸಿಲು ನೋಡ್ಕೊಳ್ಳುತ್ತೆ,” ಎಂದು ಆಂಟಿ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. ಮೇವ್‌ಗೆ ಅರ್ಥವಾಗದಿದ್ದರೂ ಎದ್ದು ಬಂದು ಹಿಂಡತೊಡಗಿದಳು.

ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಬಿಸಿಲು. ಬೇಲಿಯ ಮೇಲೆ, ಕಾರುಗಳ ಬಾನೆಟ್ ಮೇಲೆ ಜೆರ್ಸಿಗಳನ್ನು ಹರವಿದರು. ಜಾಗ ಸಾಲದೆ ಹೋದಾಗ ಡೆಟ್ರಾಯ್ಟ್ ಹುಡುಗಿಯರ ಅಮ್ಮಂದಿರು ತಾವು ಕೂತಿದ್ದ ಮಡಚು ಕುರ್ಚಿಗಳನ್ನೇ ಬಿಟ್ಟುಕೊಟ್ಟರು. ಎದುರಾಳಿಗಳಾದರೇನು, ಒಗೆಯುವವರ ಕಷ್ಟ ಒಗೆಯುವವರಿಗೆ ಗೊತ್ತು. ಹತ್ತು ನಿಮಿಷಕ್ಕೊಮ್ಮೆ ಆಂಟಿ ಹಪ್ಪಳ ಮಗುಚಿದ ಹಾಗೆ ಒಂದೊಂದನ್ನೇ ಮಗುಚಿ ಹಾಕುತ್ತ, ನೀರು ಚಿಮುಕಿಸುತ್ತ ಓಡಾಡಿದರು.

ಹನ್ನೆರಡೂ ಇಪ್ಪತ್ತಕ್ಕೆ ಹದಿನೇಳು ಬಿಳಿಯಾಗಿದ್ದವು. ಆರನೇ ನಂಬರಿನ ಕೆಳಮೂಲೆಯಲ್ಲಿ ಮಾತ್ರ ಅಂಗೈಯಗಲದ ಹಳದಿ ಜಪ್ಪಯ್ಯ ಅಂದರೂ ಹೋಗಲಿಲ್ಲ. ರೆಫರಿ ಅದನ್ನು ತಿರುಗಿಸಿ ನೋಡಿ, ನಕ್ಕು, “ಚಡ್ಡಿಯೊಳಗೆ ಸಿಕ್ಕಿಸಿಕೋ,” ಎಂದರು. ಇಳಾ ಸಿಕ್ಕಿಸಿಕೊಂಡು, ಅಮ್ಮನ ಕಡೆ ನೋಡದೆ ಮೈದಾನಕ್ಕೆ ಓಡಿದಳು.

ಷಿಕಾಗೋ ಒಂದೇ ಒಂದು ಪಾಯಿಂಟಿನಿಂದ ಸೋತಿತು. ಕೊನೆಯ ನಿಮಿಷದಲ್ಲಿ ಇಳಾ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಗೆದ್ದ ಕ್ಯಾಪ್ಟನ್ ಆ ಆಟದ ವಾಡಿಕೆಯಂತೆ ಸೋತವರಿಗೆ ಮೂರು ಸಲ ಜೈಕಾರ ಹಾಕಿಸಿದಳು. ಆಂಟಿಯ ಕಿವಿಗೆ ಅದು ಬೀಳಲೇ ಇಲ್ಲ. ನನ್ನ ಬೊಟ್ಟಿನಿಂದಲೇ ಹೀಗಾಯಿತೇನೋ ಎಂದು ಖಾಲಿ ಚೀಲ ತಬ್ಬಿಕೊಂಡು ನಿಂತಿದ್ದರು.

ಮೊದಲು ಬಂದವಳು ಮೇವ್. ಅತ್ತು ಕೆಂಪಾದ ಕಣ್ಣಲ್ಲೇ ತನ್ನ ಜೆರ್ಸಿಯನ್ನು ಚೀಲಕ್ಕೆ ಹಾಕಿ, “ಮಂಗಳವಾರ ಸಿಗುತ್ತಾ ಆಂಟಿ?” ಎಂದಳು, ಪ್ರತಿ ವಾರ ಕೇಳುವ ಹಾಗೆಯೇ. ಹಿಂದೆಯೇ ಒಂದೊಂದಾಗಿ ಇನ್ನೂ ಹದಿನಾರು ಬಂದು ಬಿದ್ದವು. ಚೀಲ ಭಾರವಾಯಿತು, ಆಂಟಿಯ ಮನಸ್ಸು ಹಗುರವಾಯಿತು.

ಅತ್ತ ಡೆಟ್ರಾಯ್ಟಿನ ಹುಡುಗಿಯೊಬ್ಬಳು ತನ್ನ ಜೆರ್ಸಿ ಹಿಡಿದು ಬಂದು, ಬದಲಿಗೆ ಇಳಾಳ ಜೆರ್ಸಿ ಕೇಳಿದಳು. ಇಳಾ ಅವಳನ್ನು ಅಪ್ಪಿಕೊಂಡು, ಇದೊಂದು ಬಿಟ್ಟು ಬೇರೇನಾದರೂ ಕೇಳು ಎಂದಳು. ಆಮೇಲೆ ಜೆರ್ಸಿ ತೊಟ್ಟುಕೊಂಡೇ ಅಮ್ಮನ ಹತ್ತಿರ ಬಂದು, ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಹಳದಿ ಮೂಲೆ ಹೊರಗೆ ನೇತಾಡುತ್ತಿತ್ತು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅಂದು ಕೇಳದೆಯೇ ಕನ್ನಡದಲ್ಲಿ ಹೇಳಿದಳು:

“ಅಮ್ಮಾ, ಮುಂದಿನ ವರ್ಷ ಮೊದ್ಲು ಒಗಿ. ಆಮೇಲೆ ಹಚ್ಚು.”