ಪೋಲಾದ

ಮನುಷ್ಯನಿಗೆ ಹತ್ತು ಬೆರಳು ಕೊಟ್ಟ ಸೃಷ್ಟಿಕರ್ತನ ಮನಸ್ಸಿನಲ್ಲಿ ಒಂದು ಗಂಭೀರವಾದ ಉದ್ದೇಶ ಇದ್ದೇ ಇರಬೇಕು. ಅದರಲ್ಲಿ ಒಂದು ಕಡಿಮೆಯಾದರೂ ಬದುಕಿನ ಸಮತೋಲ ತಪ್ಪುತ್ತದೆ. ಹುಮನಾಬಾದಿನ ನಮ್ಮ ಕಟ್ಟಿಗೆ ಅಡ್ಡೆಯಲ್ಲಿ ಮಾತ್ರ ಏಳಿದ್ದರೂ ಸಾಕಾಗುತ್ತಿತ್ತು. ಇಂಜಿನ್ ನಡೆಸುವವನಿಗೆ ಎಂಟು ಇದ್ದವು. ದಿಮ್ಮಿ ಹೊರುವವರಲ್ಲಿ ಒಬ್ಬನಿಗೆ ಏಳೂವರೆ. ಆ ಅರ್ಧ ಬೆರಳಿನ ಬಗ್ಗೆ ಆತನಿಗೆ ತುಸು ಅಭಿಮಾನವೇ ಇತ್ತು. ಕಿವಿ ಕೆರೆದುಕೊಳ್ಳಲು ಅಷ್ಟು ಅನುಕೂಲದ ಸಾಧನ ಬೇರೆ ಇಲ್ಲವೆನ್ನುತ್ತಿದ್ದ.

ಹತ್ತಕ್ಕೆ ಹತ್ತೂ ಉಳಿಸಿಕೊಂಡವರು ಇಬ್ಬರೇ, ಮಿಸ್ತ್ರಿ ಮತ್ತು ನಾನು. ನನ್ನವು ಉಳಿದದ್ದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಗರಗಸದ ಮೇಜೆಂದರೆ ದಪ್ಪ ಹಲಗೆಯ ಒಂದು ಕಟ್ಟೆ. ಅದರ ನಡುವಿನ ಸೀಳಿನಿಂದ ಹಲ್ಲಿನ ಚಕ್ರ ಅರ್ಧ ಮೇಲೆದ್ದು ತಿರುಗುತ್ತಿರುತ್ತದೆ, ಕೆಳಗೆ ಇಂಜಿನಿನ ಚರ್ಮದ ಪಟ್ಟಿ ಓಡುತ್ತಿರುತ್ತದೆ. ಒಬ್ಬ ಈ ಕಡೆಯಿಂದ ದಿಮ್ಮಿಯನ್ನು ದೂಡಬೇಕು, ಇನ್ನೊಬ್ಬ ಆ ಕಡೆ ನಿಂತು ಸೀಳಿ ಬಂದ ತುದಿಯನ್ನು ಹಿಡಿದು ಎಳೆಯಬೇಕು. ಚಕ್ರದ ಹಲ್ಲು ದೂಡುವವನಿಗೆ ಮುಖ ಮಾಡಿರುತ್ತವೆ, ಎಳೆಯುವವನಿಗೆ ಬೆನ್ನು. ಗೌರವವೂ ಹಾಗೆಯೇ. ಮಿಸ್ತ್ರಿ ದೂಡುತ್ತಿದ್ದ, ನಾನು ನಾಲ್ಕು ವರ್ಷದಿಂದ ಎಳೆಯುತ್ತಿದ್ದೆ.

ಮಿಸ್ತ್ರಿಯ ವಿದ್ಯೆಯೆಲ್ಲ ಎಡಗೈಯಲ್ಲಿತ್ತು. ಬಲಗೈ ಬರೀ ದೂಡುತ್ತದೆ, ಎಡಗೈ ದಿಮ್ಮಿಯನ್ನು ಗೆರೆಗೆ ಹಿಡಿಯುತ್ತದೆ. ಹಲ್ಲಿನಿಂದ ನಾಲ್ಕು ಬೆರಳು ದೂರದಲ್ಲಿ ಆತನ ಅಂಗೈ ಹರಡಿಕೊಂಡಿದ್ದರೆ ಹಲಗೆ ಕಾಗದದಂತೆ ಸಮನಾಗಿ ಬರುತ್ತಿತ್ತು. ಹಳ್ಳಿಖೇಡದವರು, ಮುಡಬಿಯವರು ಗಾಡಿ ಕಟ್ಟಿಕೊಂಡು ಬಂದು, "ಮಿಸ್ತ್ರಿ ಕೈಲೇ ಕೊಯ್ಸಬೇಕ್ರಿ" ಎಂದು ಕಾಯುತ್ತಿದ್ದರು. ಆತನಿಗೆ ಹೊಲವಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ. ಆ ಕೈ ಇತ್ತು.

ಲಡಾಯಿ ಶುರುವಾದ ಮೇಲೆ ಮುಂಬಯಿಯಿಂದ ವಿಲಾಯತಿ ಚಕ್ರ ಬರುವುದು ನಿಂತಿತು. ಇದ್ದ ಒಂದನ್ನು ಮಿಸ್ತ್ರಿ ಅರದಿಂದ ಮಸೆದು ಮಸೆದು, ಅದು ದೊಡ್ಡ ಪರಾತದಿಂದ ಊಟದ ತಾಟಿನ ಅಳತೆಗೆ ಇಳಿದು, ಕೊನೆಗೆ ಮೇಜಿನ ಸೀಳಿನಿಂದ ಮೇಲೆ ಇಣುಕುವ ಉತ್ಸಾಹವನ್ನೇ ಕಳೆದುಕೊಂಡಿತು. ಆಗ ನಮ್ಮ ಸಾಹುಕಾರರು ಬಸವಕಲ್ಯಾಣಕ್ಕೆ ಹೋದರು. ಆಗಿನ್ನೂ ನಾವು ಅದನ್ನು ಬರೀ ಕಲ್ಯಾಣ ಎನ್ನುತ್ತಿದ್ದೆವು. ಅಲ್ಲಿನ ಬಜಾರಿನಲ್ಲಿ ಹಳೇ ಕಬ್ಬಿಣದ ಅಂಗಡಿಯೊಂದರಿಂದ ಗೋಣಿಚೀಲದಲ್ಲಿ ಸುತ್ತಿದ ಹೊಸ ಚಕ್ರವನ್ನು ತಾವೇ ಬಗಲಲ್ಲಿ ಇಟ್ಟುಕೊಂಡು ಬಂದರು. ಮೊಮ್ಮಗನನ್ನೂ ಅವರು ಅಷ್ಟು ಜೋಪಾನವಾಗಿ ಎತ್ತಿಕೊಂಡದ್ದನ್ನು ನಾನು ನೋಡಿಲ್ಲ.

ಅಂದು ಸಂತೆಯ ದಿನ. ಅಡ್ಡೆಯ ತುಂಬ ಮಂದಿ.

"ನೋಡು ಮಿಸ್ತ್ರಿ, ಪೋಲಾದ ಅದ. ಅಸಲ್ ಪೋಲಾದ," ಎಂದರು ಸಾಹುಕಾರರು.

ಇಲ್ಲಿ ಒಂದು ಮಾತು ಹೇಳಬೇಕು. ಮರಾಠಿಯವರು ಉಕ್ಕಿಗೆ ಪೋಲಾದ ಎನ್ನುತ್ತಾರೆ, ನಮ್ಮ ಕಡೆಯ ಬಜಾರುಗಳಲ್ಲೂ ಅದೇ ಶಬ್ದ ನಡೆಯುತ್ತದೆ. ಕನ್ನಡದಲ್ಲಿ ಸುಮ್ಮಸುಮ್ಮನೆ ಹಾಳಾಗಿ ಹೋದದ್ದೂ ಪೋಲಾದದ್ದೇ. ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಸಂಸಾರ ಹೂಡಿದರೆ ಇಂಥ ಅಪಘಾತಗಳು ಆಗುತ್ತವೆ.

ಮಿಸ್ತ್ರಿ ಚಕ್ರಕ್ಕೆ ದಾರ ಕಟ್ಟಿ ತೂಗಹಾಕಿ ಗೆಣ್ಣಿನಿಂದ ಬಡಿದ. ಒಳ್ಳೆಯ ಚಕ್ರ ಗುಡಿಯ ಗಂಟೆಯ ಹಾಗೆ ಬಹಳ ಹೊತ್ತು ಮಾತಾಡುತ್ತದೆ. ಇದು ಥಪ್ ಎಂದು ಸುಮ್ಮನಾಯಿತು. ಅರ ತೆಗೆದು ಒಂದು ಹಲ್ಲಿಗೆ ಹಚ್ಚಿದ, ಗಾಜಿನ ಮೇಲಿಟ್ಟಂತೆ ಜಾರಿತು. ಪಕ್ಕದ ಹಲ್ಲಿಗೆ ಹಚ್ಚಿದ, ಸಾಬೂನಿನಂತೆ ತಿಂದುಕೊಂಡು ಹೋಯಿತು. ಬೆಳಕಿಗೆ ಹಿಡಿದು ನೋಡಿ ನನ್ನನ್ನು ಕರೆದು ಒಂದು ಹಲ್ಲಿನ ಬುಡ ತೋರಿಸಿದ. ಕೂದಲೆಳೆಯಷ್ಟು ಸೀಳು ಒಳಮುಖವಾಗಿ ಹೋಗಿತ್ತು. ನಾನು ಕಣ್ಣಾರೆ ನೋಡಿದೆ.

"ಸಾವ್ಕಾರ, ಇದು ರೊಟ್ಟಿ ಹಂಚಿಗೆ ಹಲ್ಲು ಕಡದಂಗ ಅದ. ತೂತು ಸೈತ ನಡುವ ಇಲ್ಲ. ಮ್ಯಾಲ ಒಡಕು."

"ಅಂಗಡಿಯಾಂವ ಪೋಲಾದ ಅಂತ ಹೇಳ್ಯಾನ."

"ಖರೇನೇ ಹೇಳ್ಯಾನ್ರಿ. 'ಪೋಲಾದ ರೊಕ್ಕ' ಅನ್ನಾಂವ ಇದ್ದ, ನೀವು ಅರ್ಧಾ ಕೇಳಿ ಬಂದೀರಿ."

ಅಡ್ಡೆ ನಕ್ಕಿತು. ಮುಡಬಿಯ ಒಬ್ಬ ರೈತ ಹೆಗಲ ಮೇಲಿನ ವಸ್ತ್ರ ಬಾಯಿಗೆ ತುರುಕಿಕೊಂಡ. ಸಾಹುಕಾರರೂ ನಕ್ಕರು, ಎಲ್ಲರಿಗಿಂತ ಕಡೆಗೆ ಶುರುಮಾಡಿ ಎಲ್ಲರಿಗಿಂತ ಕಡೆಗೆ ನಿಲ್ಲಿಸಿದರು. ಆ ಗಳಿಗೆಯವರೆಗೆ ಚಕ್ರ ಕಲ್ಯಾಣಕ್ಕೆ ಮರಳಿ ಹೋಗಬಹುದಿತ್ತು. ಆಮೇಲೆ ಹೋಗುವಂತಿರಲಿಲ್ಲ, ಮರಳಿಸಿದರೆ ಆ ನಗೆಗೆ ರುಜು ಹಾಕಿಕೊಟ್ಟಂತೆ. ಚಕ್ರವನ್ನು ಮೇಜಿಗೆ ಏರಿಸಿದರು.

ಮಿಸ್ತ್ರಿ ಮುಟ್ಟಲಿಲ್ಲ. ಒಂದು ಮೂಲೆಯಲ್ಲಿ ಕೂತು ಕೈಗರಗಸದಿಂದ ಸಣ್ಣಪುಟ್ಟ ಕೆಲಸ ಮಾಡತೊಡಗಿದ. ಮರುದಿನ ಬೆಳಿಗ್ಗೆ ನೋಡಿದರೆ ಮೇಜಿನ ಕಾಲಿಗೆ ಹೊಸ ಮೊಳೆ ಬಡಿದಿತ್ತು, ಮೊಳೆಗೆ ಒಂದು ಡಜನ್ ಹಸಿರು ಬಳೆ ತೂಗುತ್ತಿದ್ದವು.

"ಅಂಜಿಕಿ ಬಂದ್ರ ಹಾಕ್ಕೋ ಮಿಸ್ತ್ರಿ," ಎಂದರು ಸಾಹುಕಾರರು. "ಅಳತಿ ಸರಿ ಇಲ್ಲಂದ್ರ ಬದಲ ಮಾಡಿಸ್ತೀನಿ."

"ಎಡಗೈಗೆ ಆರು, ಬಲಗೈಗೆ ಆರು," ಎಂದ ಇಂಜಿನಿನವ. "ಬರ್ರಿ ಮಿಸ್ತ್ರಿಬಾಯಿ, ಕುಂಕುಮನೂ ಹಚ್ತೀವಿ."

ಮೂರು ದಿನ ಬಂದವರಿಗೆಲ್ಲ ಬಳೆ ತೋರಿಸಲಾಯಿತು. ದಿಮ್ಮಿ ತಂದವರು ದಿಮ್ಮಿ ಮರೆತು ಬಳೆಯ ವಿಚಾರಣೆ ಮಾಡಿದರು. ಹೆಂಗಸರ ಕೈಗೆ ಶೋಭೆ ಕೊಡುವ ಆ ನಿರುಪದ್ರವಿ ವಸ್ತು ಒಬ್ಬ ಗಂಡಸಿನ ಊಟ ನಿಲ್ಲಿಸಬಲ್ಲದು ಎಂಬುದು ನನಗೆ ಗೊತ್ತಾದದ್ದು ಆಗ. ಮಿಸ್ತ್ರಿ ಮಧ್ಯಾಹ್ನದ ಬುತ್ತಿ ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದ.

ನಾಲ್ಕನೆಯ ದಿನ ಸಾಹುಕಾರರು ನನ್ನನ್ನು ಮೇಜಿನ ಹತ್ತಿರ ಕರೆದರು. ಹತ್ತಾರು ಮಂದಿ ನಿಂತಿದ್ದರು, ಮಿಸ್ತ್ರಿಯೂ ಇದ್ದ.

"ನೀ ಹೇಳೋ. ನಾಕು ವರ್ಷ ಇದರ ಮುಂದ ನಿಂತಿ. ಈ ಚಕ್ರ ನಡೀತದೋ ಇಲ್ಲೋ?"

ಸೀಳು ನನಗೆ ಗೊತ್ತಿತ್ತು. ದೂಡುವ ಕಡೆಯ ಜಾಗ ನನಗೆ ಬೇಕಾಗಿತ್ತು ಎಂಬುದೂ ಗೊತ್ತಿತ್ತು. ಎರಡನ್ನೂ ತೂಗಿ ನೋಡಲು ನಾನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ನಡೀತದ್ರಿ. ಹಗೂರ ನಡಸಬೇಕು."

"ಹಂಗಾದ್ರ ನಾಳಿಂದ ದೂಡೂದು ನೀನೇ."

ಮಿಸ್ತ್ರಿ ಎದ್ದು ಬಂದ. ಮೊಳೆಯಿಂದ ಬಳೆ ಬಿಡಿಸಿ ಒಂದೂ ಒಡೆಯದಂತೆ ಸಾಹುಕಾರರ ಗಾದಿಯ ಮೇಲಿಟ್ಟ. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, "ಎಳ್ಯಾಂವ ನೀನು, ದೂಡಾಂವ ನಾನು. ನಿನ್ನ ಜಾಗಾಕ್ಕ ನಡಿ," ಎಂದ.

ಮೇಜಿನ ಮೇಲೆ ಮುಡಬಿಯ ರೈತನ ಜಾಲಿ ದಿಮ್ಮಿ ಇತ್ತು. ಅವನ ಹೊಲದ ಬದುವಿನದು. ಗಾಡಿಯ ನೊಗಕ್ಕೆ ಬೇಕಾಗಿತ್ತು. ಇಂಜಿನ್ ಶುರುವಾಯಿತು. ಚಕ್ರ ನೆಟ್ಟಗೆ ತಿರುಗಲಿಲ್ಲ, ಕುಡಿದವನ ಹಾಗೆ ಎರಡೂ ಬದಿಗೆ ವಾಲುತ್ತ ತಿರುಗಿತು. ಒಂದು ಮೊಳ ಸೀಳುವಷ್ಟರಲ್ಲಿ ಕಟ್ಟಿಗೆ ಸುಟ್ಟ ವಾಸನೆ, ಹಲಗೆಯ ಮೈಮೇಲೆ ಕರೀ ಬರೆ. ಮಿಸ್ತ್ರಿ ನೀರು ಹೊಯ್ಯಿಸಿದ. ನಿಧಾನವಾಗಿ ದೂಡಿದ. ಅಷ್ಟು ಜಾಗರೂಕತೆಯಿಂದ ಆತ ಕೆಲಸ ಮಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆ ಕೆಲಸವನ್ನು ನೋಡಿ ಕಲಿಯಬೇಕಿತ್ತು.

ಗಂಟಿಗೆ ಬಂದಾಗ ಸೀಳಿದ್ದ ಹಲ್ಲು ಮುರಿಯಿತು, ಅದರ ಹಿಂದೆ ಇನ್ನೂ ಮೂರು. ಒಂದು ತುಂಡು ಮೇಲಿನ ತಗಡನ್ನು ತೂತು ಮಾಡಿಕೊಂಡು ಹೋಯಿತು. ದಿಮ್ಮಿ ನನ್ನ ಕೈಯಿಂದ ಕಿತ್ತುಕೊಂಡು ಮಿಸ್ತ್ರಿಯ ಎದೆಗೆ ಹಾರಿತು. ಅದರ ಮೇಲೆ ಹರಡಿಕೊಂಡಿದ್ದ ಎಡಗೈ, ಕೆಳಗೆ ಹಿಡಿಯಲು ಏನೂ ಉಳಿಯದೆ, ಚಕ್ರದ ಮೇಲೆ ಬಿತ್ತು.

ಇಂಜಿನ್ ನಿಂತ ಮೇಲೆ ಸಾಹುಕಾರರ ಬಾಯಿಂದ ಬಂದ ಮೊದಲ ಮಾತು, "ದಿಮ್ಮ್ಯಾಗ ಮೊಳಿ ಇರಬೇಕು, ಹುಡುಕ್ರಿ" ಎಂದು. ಬೆರಳು ಹುಡುಕಲು ಯಾರಿಗೂ ಹೇಳಲಿಲ್ಲ. ನಾವು ನಾಲ್ಕು ಮಂದಿ ದಿಮ್ಮಿಯನ್ನು ಹೊರಳಿಸಿ ಹೊರಳಿಸಿ ಮೊಳೆ ಹುಡುಕಿದೆವು. ಮಿಸ್ತ್ರಿ ಗೋಡೆಗೆ ಒರಗಿ, ಕೈಯನ್ನು ಮುಡಬಿಯವನ ವಸ್ತ್ರದಲ್ಲಿ ಸುತ್ತಿಕೊಂಡು ಕೂತಿದ್ದ. ಸಾಹುಕಾರರು ಆತನ ಮುಂದೆ ಬಗ್ಗಿ, ಮೆತ್ತಗೆ, ಬಹಳ ಕಳಕಳಿಯಿಂದ ಕೇಳಿದರು.

"ಈಗ ಹೇಳು ಮಿಸ್ತ್ರಿ. ಯಾವುದು ಪೋಲಾದ?"

ಇಬ್ಬರು ಮೂವರು ನಕ್ಕರು. ನಾನೂ ನಕ್ಕೆ.

ದವಾಖಾನೆಗೆ ಆತನನ್ನು ಮುಡಬಿಯವನ ಗಾಡಿಯಲ್ಲೇ ಒಯ್ದರು. ಗಾಡಿ ಬಿಟ್ಟುಬರುವಷ್ಟರಲ್ಲಿ ದಿಮ್ಮಿಯಲ್ಲಿ ಮೊಳೆ ಸಿಕ್ಕಿತ್ತು. ಹೊಳೆಯುವ ಹೊಸ ಮೊಳೆ. ಮೇಜಿನ ಕಾಲಿನಲ್ಲಿ ಬಳೆ ತೂಗಿಸಿದ್ದ ಜಾಗದಲ್ಲಿ ಮೊಳೆಯ ತೂತು ಮಾತ್ರ ಉಳಿದಿತ್ತು.

"ಹೊಲದಾಗಿನ ಜಾಲಿರಿ ಅದು," ಎಂದ ಮುಡಬಿಯವ. "ಬೆಳಿಯೂ ಗಿಡಕ್ಕ ಮೊಳಿ ಯಾರು ಬಡೀತಾರ್ರಿ? ಅದರ ಮ್ಯಾಲ ಏನು ಅಂಗಿ ತೂಗಹಾಕ್ತೀವೇನು?"

"ಮೊಳಿ ಇಟ್ಟ ಕಟ್ಟಿಗಿ ತಂದು ನನ್ನ ಚಕ್ರಾ ಮುರದಿ, ನನ್ನ ಮಿಸ್ತ್ರಿ ಕೈ ಮುರದಿ," ಎಂದರು ಸಾಹುಕಾರರು. ನನ್ನ ಕಡೆ ನೋಡಿದರು. "ಇತ್ತಿಲ್ಲೋ ಮೊಳಿ?"

"ಇತ್ತರಿ," ಎಂದೆ.

ಮುಡಬಿಯವ ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿ, ಅರ್ಧ ಸೀಳಿದ ದಿಮ್ಮಿಯನ್ನು ಗಾಡಿಗೆ ಹಾಕಿಕೊಂಡು ಹೋದ. ವಸ್ತ್ರ ವಾಪಸು ಕೇಳಲಿಲ್ಲ.

ಸಾಹುಕಾರರು ಮತ್ತೆ ಕಲ್ಯಾಣಕ್ಕೆ ಹೋಗಿ, ಅದೇ ಅಂಗಡಿಯಿಂದ, ಅಂಥದೇ ಇನ್ನೊಂದು ಚಕ್ರ ತಂದರು. ಈ ಸಲ ಅದು ಏನೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬಡಿದು ನೋಡುವವನು ಇರಲಿಲ್ಲ. ನನಗೆ ಬಡಿಯಲು ಬರುತ್ತಿತ್ತು. ಥಪ್ ಎಂದರೆ ಏನು ಮಾಡಬೇಕೆಂದು ತಿಳಿಯದ್ದರಿಂದ ಬಡಿಯಲಿಲ್ಲ.

ಎರಡು ತಿಂಗಳ ಮೇಲೆ ಮಿಸ್ತ್ರಿ ಕೆಲಸಕ್ಕೆ ಬಂದ. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿದ್ದವು. ದೂಡುವ ಕಡೆ ನಾನು ನಿಂತೆ. ಎಳೆಯುವ ಕಡೆ ಆತ ನಿಂತ.