ಪರದೆಯ ಹಿಂದೆ ಉಳಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಯಾವತ್ತೂ ಹೋಗಿ ಕರೆದುಕೊಂಡು ಬರುವವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಶಾಲೆಯಿಂದ ಕರೆತಂದವಳು ಅವಳು. ಅಜ್ಜನನ್ನು ಆಸ್ಪತ್ರೆಯಿಂದ, ಸೋದರಮಾವನನ್ನು ಬೀದಿ ಜಗಳದ ಮಧ್ಯದಿಂದ, ಮೊದಲ ಸಲ ನಮ್ಮ ಮನೆಗೆ ಬರಲು ನಾಚಿಕೊಂಡು ಬಸ್ ನಿಲ್ದಾಣದಲ್ಲೇ ಕೂತಿದ್ದ ನನ್ನ ಗಂಡನನ್ನು, ಎಲ್ಲರನ್ನೂ ತಂದವಳು ಅವಳೇ. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆ ಅಂದರೆ, "ಪುರುಸೊತ್ತೆಲ್ಲಿತ್ತು" ಅನ್ನುತ್ತಾಳೆ. ಅವಳನ್ನು ಕರೆತರಲು ಯಾರಾದರೂ ಹೋದದ್ದು ನನಗೆ ನೆನಪಿಲ್ಲ. ಮಳೆ ಬಂದರೆ ಕೊಡೆ ಅವಳ ಚೀಲದಲ್ಲೇ ಇರುತ್ತದೆ. ಅಂಥವರನ್ನು ಹುಡುಕಿಕೊಂಡು ಹೋಗಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ನನ್ನ ಮಗಳು ಓದುವ ಶಾಲೆಯಲ್ಲೇ ಅವಳು ಹೊಲಿಗೆ ಕಲಿಸುತ್ತಾಳೆ. ಮಹಡಿಯ ಕೊನೆಯ ಕೋಣೆ ಅವಳದು. ಕಿಟಕಿ ಪಕ್ಕ ಹೊಲಿಗೆ ಯಂತ್ರಗಳ ಸಾಲು, ಕಾಲು ಬಂದು ನಡೆದುಬಿಡದ ಹಾಗೆ ಮೇಜಿಗೆ ದಾರ ಹಾಕಿ ಕಟ್ಟಿದ ಕತ್ತರಿಗಳು, ಮೂಲೆಯಲ್ಲಿ ನಾಟಕದ ಉಡುಪು ಹಾಕಿ ನೋಡಲು ಇಳಿಬಿಟ್ಟ ಒಂದು ದಪ್ಪ ಪರದೆ. ಎದುರು ಕೋಣೆ ಚಿತ್ರದ ಮೇಷ್ಟ್ರದು. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತು ಅವರಿಗೆ. ತಮ್ಮ ಹತ್ತಿರ ಒಳ್ಳೆಯ ಕತ್ತರಿ ಇದ್ದರೂ ಚಿಕ್ಕಮ್ಮನ ಬಾಗಿಲಿಗೆ ಬಂದು ಕತ್ತರಿ ಕೇಳುತ್ತಾರೆ. ಇದು ಮಹಡಿಯ ಮಕ್ಕಳಿಗೆಲ್ಲ ಗೊತ್ತು, ಮಗಳ ಮೂಲಕ ನನಗೂ ಗೊತ್ತು. ಮೇಷ್ಟ್ರ ಕತ್ತರಿ ಇನ್ನೂ ಮೊಂಡಾಗೇ ಇದೆಯಾ ಅಂತ ನಾನು ಕೆಣಕಿದರೆ, "ನಿನಗೆ ಪಾತ್ರೆ ತೊಳೆಯೋ ಕೆಲಸ ಇಲ್ವೇನೇ" ಅಂತ ಮುಖ ತಿರುಗಿಸುತ್ತಾಳೆ. ತಿರುಗಿಸಿದ ಮುಖ ಕೆಂಪಗಿರುತ್ತದೆ.

ಬೆಂಕಿ ಬಿದ್ದರೆ ಹೊರಗೆ ಬರುವುದು ಹೇಗೆ ಅಂತ ಆ ಶಾಲೆಯಲ್ಲಿ ಆಗಾಗ ಡ್ರಿಲ್ ಮಾಡಿಸುತ್ತಾರೆ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುವುದು. ಅವರದೊಂದು ಪದ್ಧತಿ ಇದೆ: ಪ್ರತಿ ಸಲ ಯಾರಾದರೂ ಒಬ್ಬರನ್ನು ಗುಟ್ಟಾಗಿ ಕಟ್ಟಡದ ಒಳಗೇ ಉಳಿಸಿಕೊಳ್ಳುತ್ತಾರೆ. ಮೈದಾನದಲ್ಲಿ ತಲೆ ಎಣಿಸುವವರಿಗೆ ಒಂದು ತಲೆ ಕಮ್ಮಿ ಅಂತ ತಿಳಿಯುತ್ತದೋ ಇಲ್ಲವೋ ನೋಡಲಿಕ್ಕೆ. ಈ ಸಲ ಚಿಕ್ಕಮ್ಮನನ್ನು ಕೇಳಿದರಂತೆ. ಪರದೆಯ ಹಿಂದೆ ಪ್ರಜ್ಞೆ ತಪ್ಪಿದವರ ಹಾಗೆ ಸುಮ್ಮನೆ ಕೂತಿರಬೇಕು, ಕರೆದರೂ ಓಗೊಡಬಾರದು.

ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸು, ನನಗೆ ಮಾತ್ರ ಹೇಳಿದಳು. ಹೇಳುವಾಗ ಮರುದಿನಕ್ಕೆ ಅಂತ ನೀಲಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು, ಒಂದೇ ಮಡಿಕೆಯ ಮೇಲೆ ಮತ್ತೆ ಮತ್ತೆ. ಪ್ರಜ್ಞೆ ತಪ್ಪೋದಕ್ಕೆ ಇಷ್ಟು ಅಲಂಕಾರ ಯಾಕೆ ಅಂದೆ. ಅವಳು ನಗಲಿಲ್ಲ. ಮಹಡಿಯ ಕೋಣೆಗಳನ್ನೆಲ್ಲ ನೋಡಿಕೊಂಡು ಕೊನೆಗೆ ಇಳಿಯುವ ಜವಾಬ್ದಾರಿ ಚಿತ್ರದ ಮೇಷ್ಟ್ರದು ಅಂದಳು. ಆಮೇಲೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ತಗ್ಗಿದ ದನಿಯಲ್ಲಿ ಹೇಳಿದಳು:

"ನಾನಿಲ್ಲ ಅಂತ ಗೊತ್ತಾದ್ರೆ ಹುಡುಕಿಕೊಂಡು ಬರ್ತಾರೇನೋ ಕಣೇ. ಒಂದು ಸಲ ನೋಡಬೇಕು."

ಮರುದಿನ ಬೆಳಿಗ್ಗೆ, ಎಲ್ಲರೂ ಶಾಲೆ ಸೇರಿದ ಮೇಲೆ, ಮೊಬೈಲಿಗೆ ಶಾಲೆಯ ಸಂದೇಶ ಬಂತು. ಇದು ಅಭ್ಯಾಸ, ಶಾಲೆಗೆ ಫೋನು ಮಾಡಬೇಡಿ, ಗಾಡಿ ತಂದು ಫೈರ್ ಇಂಜಿನ್ನಿನ ದಾರಿಗೆ ಅಡ್ಡ ನಿಲ್ಲಿಸಬೇಡಿ, ನಡೆದು ಬನ್ನಿ, ಮೈದಾನಕ್ಕೆ ಕಟ್ಟಿದ ಹಗ್ಗದ ಆಚೆ ನಿಲ್ಲಿ, ಕಾರ್ಡು ತೋರಿಸಿ ಟೀಚರ ಕೈಯಿಂದ ಮಗುವನ್ನು ಪಡೆಯಿರಿ. ಓದಲು ಸುಲಭ. ಸೈರನ್ ಕೂಗುವಾಗ ಹಗ್ಗದ ಆಚೆ ನಿಲ್ಲುವುದು ಎಷ್ಟು ಕಷ್ಟ ಅಂತ ನಿಂತವರಿಗೇ ಗೊತ್ತು. ಸುಳ್ಳು ಬೆಂಕಿ ಅಂತ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಒಬ್ಬ ತಂದೆ ಬಗ್ಗಿ ನುಸುಳಲು ಹೋದಾಗ ಕಾವಲುಗಾರ, "ಸ್ವಾಮಿ, ಬೆಂಕಿ ಸುಳ್ಳಿರಬಹುದು, ಹಗ್ಗ ನಿಜ" ಅಂದ. ಎಲ್ಲರೂ ನಕ್ಕೆವು. ನಗುತ್ತಲೇ ಎಲ್ಲರೂ ಕತ್ತು ಉದ್ದ ಮಾಡಿದೆವು.

ಮಗಳು ಸಾಲಿನಲ್ಲಿ ಬಂದಳು. ನನ್ನ ಕೈಗೆ ಸಿಕ್ಕ ಕೂಡಲೇ ಗಾಬರಿಯಿಂದ ಹೊಲಿಗೆ ಅಜ್ಜಿ ಲೆಕ್ಕಕ್ಕೆ ಸಿಗಲಿಲ್ಲ ಅಂದಳು. ಇದು ಆಟ, ಅಜ್ಜಿಗೆ ಏನೂ ಆಗಿಲ್ಲ ಅಂತ ಕೂತು ಕಣ್ಣಿಗೆ ಕಣ್ಣಿಟ್ಟು ಹೇಳಬೇಕಾಯಿತು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು ಅಂತ ಅವತ್ತೇ ಟೀಚರಿಗೂ ಹೇಳಿದೆ.

ಒಳಗೆ ನಡೆದದ್ದನ್ನು ಚಿಕ್ಕಮ್ಮ ಸಂಜೆ ಹೇಳಿದಳು, ಚಹಾ ಲೋಟ ಕೈಯಲ್ಲೇ ಆರಿಸಿಕೊಂಡು. ಸೈರನ್ ಆದ ಮೇಲೆ ಮಕ್ಕಳ ಕಾಲ ಸಪ್ಪಳವೆಲ್ಲ ಇಳಿದುಹೋಯಿತು. ಮೇಷ್ಟ್ರು ಒಂದೊಂದೇ ಬಾಗಿಲು ತೆಗೆದು, ಕೂಗಿ, ಮುಚ್ಚುತ್ತ ಬಂದರು. ಅವಳ ಬಾಗಿಲೂ ತೆರೆಯಿತು. ಯಾರಾದರೂ ಇದ್ದೀರಾ ಅಂದರು. ಅವಳು ಉಸಿರು ಬಿಗಿಹಿಡಿದಳು. ಗಂಟಲಲ್ಲಿ ಕೆಮ್ಮು ಬಂದು ಕೂತಿತ್ತಂತೆ, ಬಿಟ್ಟುಬಿಡೋಣ ಅನಿಸಿತಂತೆ. ಬಾಗಿಲು ಮುಚ್ಚಿತು. ಹೆಜ್ಜೆ ದೂರವಾಯಿತು.

ಆಮೇಲೆ ಕಾದಳು. ಈಗ ಎಣಿಸುತ್ತಿರುತ್ತಾರೆ, ಈಗ ಗೊತ್ತಾಗಿರುತ್ತದೆ, ಈಗ ಮೆಟ್ಟಿಲು ಹತ್ತುತ್ತಿರುತ್ತಾರೆ ಅಂದುಕೊಂಡು. ಕೊನೆಗೆ ಹೆಜ್ಜೆ ಬಂತು. ಬೂಟಿನ ಹೆಜ್ಜೆ. ಪರದೆ ಸರಿಸಿದವನು ಅಗ್ನಿಶಾಮಕದ ಹುಡುಗ. ಹೊಲಿಗೆ ಟೀಚರ್ ನೀವೇ ತಾನೆ ಅಂತ ಕೇಳಿ, ಕೈಕೊಟ್ಟು ಎಬ್ಬಿಸುತ್ತ ಹೇಳಿದನಂತೆ:

"ಕೆಳಗಡೆ ಒಬ್ರು ಮೇಷ್ಟ್ರು ಎಲ್ಲಾ ಹೇಳಿ ಕಳಿಸಿದ್ರು ಅಮ್ಮ. ಬೆಳಿಗ್ಗೆ ನಿಮ್ಮ ಮಷಿನ್ ಸದ್ದು ಕೇಳಿತ್ತಂತೆ, ಒಳಗೇ ಇದ್ದಾರೆ, ಪರದೆ ಹಿಂದೆ ನೋಡಿ ಅಂದ್ರು. ಎಡಮಂಡಿ ನೋವು, ಮೆಟ್ಟಿಲಲ್ಲಿ ಅವಸರ ಮಾಡಿಸಬೇಡಿ ಅಂತಾನೂ ಅಂದ್ರು."

ಮಂಡಿ ನೋವಿನ ವಿಷಯ ಅವಳು ಅವರಿಗೆ ಯಾವತ್ತೂ ಹೇಳಿರಲಿಲ್ಲ.

"ನೋಡಿದ್ಯಾ, ಎಲ್ಲಾ ಗಮನಿಸಿದ್ದಾರೆ" ಅಂದೆ ನಾನು, ಖುಷಿಯಾಗಿ.

"ಹೂಂ. ಆದ್ರೆ ಬರಲಿಲ್ಲ" ಅಂದಳು.

ಬರಬಾರದು ಅಂತ ಅವಳಿಗೆ ಗೊತ್ತಿತ್ತು. ಹೊರಗೆ ಬಂದವರು ಮತ್ತೆ ಒಳಗೆ ಕಾಲಿಡಕೂಡದು, ಉಳಿದವರ ವಿಷಯ ಅಗ್ನಿಶಾಮಕದವರಿಗೆ ತಿಳಿಸಬೇಕು, ಅಷ್ಟೇ. ಈ ಸಾಲನ್ನು ಬಟ್ಟೆಯ ಮೇಲೆ ದಪ್ಪಕ್ಷರದಲ್ಲಿ ಹೊಲಿದು ಮಹಡಿಯ ಗೋಡೆಗೆ ತೂಗುಹಾಕಿದವಳು ಚಿಕ್ಕಮ್ಮನೇ. ಆದರೂ ಎರಡು ದಿನ ಮೇಷ್ಟ್ರ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅವರೇ ಬಾಗಿಲಿಗೆ ಬಂದು ನಿಂತರಂತೆ. ಕತ್ತರಿ ಕೇಳಲಿಲ್ಲ. ತಾನು ಹತ್ತಿ ಬಂದಿದ್ದರೆ ಸಾಲಿನ ಮಕ್ಕಳಲ್ಲಿ ಇಬ್ಬರಾದರೂ ತನ್ನ ಹಿಂದೆ ಓಡಿ ಬರುತ್ತಿದ್ದರು ಅಂದರು. ಗೊತ್ತು, ಬಂದಿದ್ದರೆ ನಾನೇ ಬೈಯುತ್ತಿದ್ದೆ ಅಂದಳು ಇವಳು. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅವತ್ತು ಮನೆಗೆ ಬಂದವಳೇ ನನ್ನನ್ನು ಹಿಡಿದುಕೊಂಡಳು. ನೀನು ಹಗ್ಗದ ಹತ್ತಿರ ಇದ್ದೆಯಲ್ಲ, ನಾನು ಒಳಗಿದ್ದಾಗ ಅವರು ಹೇಗೆ ನಿಂತಿದ್ದರು? ಅಷ್ಟು ಜನರ ಮಧ್ಯೆ ನಾನು ನೋಡಿದ್ದು ನನ್ನ ಮಗಳ ಎರಡು ಜಡೆ ಮಾತ್ರ. ಚಿಕ್ಕಮ್ಮ ಮಗಳ ಕಡೆ ತಿರುಗಿದಳು.

"ನಮ್ಮ ಕಡೆ ಮುಖ ಮಾಡಿ ನಿಂತಿದ್ರು ಅಜ್ಜಿ. ನಮ್ಮ ಕೈಲಿ ಹಾಡು ಹೇಳಿಸ್ತಿದ್ರು. ಶಾಲೆ ಕಡೆ ಬೆನ್ನು."

"ಒಂದು ಸಲಾನೂ ತಿರುಗಿ ನೋಡಲಿಲ್ವಾ?"

"ಊಹೂಂ."

"ಮುಖ ಹೇಗಿತ್ತು ಪುಟ್ಟಿ?"

"ಮುಖದ ಥರಾನೇ ಇತ್ತು."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಮಕ್ಕಳು ಹೆದರಬಾರದು ಅಂತ ತಿರುಗಲಿಲ್ಲವೋ, ನೋಡಿದರೆ ನಿಲ್ಲಲಾಗುವುದಿಲ್ಲ ಅಂತ ತಿರುಗಲಿಲ್ಲವೋ, ಅದನ್ನು ಆರು ವರ್ಷದ ಕೂಸು ಎಲ್ಲಿಂದ ಹೇಳೀತು. ಮೇಷ್ಟ್ರನ್ನೇ ಕೇಳಬಹುದಲ್ಲ ಅಂದೆ. ಕೇಳಿ ತಿಳಿದುಕೊಳ್ಳುವಂಥದ್ದಲ್ಲ ಅದು ಅಂದಳು.

ಮುಂದಿನ ಡ್ರಿಲ್ಲಿಗೆ ನನ್ನನ್ನು ಉಳಿಸಿಕೊಳ್ಳಬೇಡಿ, ಪರದೆಯ ಹಿಂದೆ ಕೂತರೆ ಮಂಡಿ ಹಿಡಿಯುತ್ತದೆ ಅಂತ ದೊಡ್ಡ ಮೇಡಂಗೆ ಹೇಳಿ ಬಂದಿದ್ದಾಳೆ. ಚಿತ್ರದ ಮೇಷ್ಟ್ರ ಸಾಲಿನಲ್ಲಿ, ಅವರ ಮುಖ ಕಾಣುವ ಹಾಗೆ, ಮಕ್ಕಳ ಮುಂದುಗಡೆ ತನಗೊಂದು ಜಾಗ ಬೇಕಂತೆ. ಯಾವತ್ತು ಡ್ರಿಲ್ ಅಂತ ಈ ಸಲ ಅವಳಿಗೂ ಹೇಳುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ತಲೆ ನೀಟಾಗಿ ಬಾಚಿಕೊಂಡು ಹೊರಡುತ್ತಾಳೆ. ಪಾಠ ಮಾಡುವಾಗ ನಡುನಡುವೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ, ಸದ್ದಿಲ್ಲದೆ ಕಿವಿಗೊಡುತ್ತಾಳೆ ಅಂತ ಮಗಳು ಹೇಳುತ್ತಾಳೆ.