ಮೇಷ್ಟ್ರ ಗಿಟಾರು ಗುಂಯ್ ಎನ್ನುತ್ತಿತ್ತು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ರೇಡಿಯೊ ರಿಪೇರಿ ಅಂಗಡಿಯಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ರೇಡಿಯೊ, ಟೇಪ್ ರೆಕಾರ್ಡರ್, ಮೈಕ್ ಸೆಟ್ಟಿನವರ ಆಂಪ್ಲಿಫೈಯರ್ ಎಲ್ಲ ನನ್ನ ಕೈಗೆ ಒಗ್ಗಿದ್ದವು. ಕರೆಂಟಿನ ಗಿಟಾರು ಮಾತ್ರ ಅಲ್ಲಿಯವರೆಗೆ ನನ್ನ ಮೇಜಿಗೆ ಬಂದಿರಲಿಲ್ಲ.

ಅದನ್ನು ತಂದವರು ತೆಲಿಗಿಯ ಶಾಲೆಯ ಒಬ್ಬ ಮೇಷ್ಟ್ರು. ಅವರ ಮನೆತನದಲ್ಲಿ ಸಂಬಳದ ಕೆಲಸ ಹಿಡಿದವರಲ್ಲಿ ಅವರೇ ಮೊದಲಿಗರು. ದಾವಣಗೆರೆಯಲ್ಲಿ ಯಾರೋ ನುಡಿಸಿ ಬಿಟ್ಟ ಗಿಟಾರು ಕೊಂಡು, ತಾವೇ ಕಲಿತು, ರಜೆಯ ದಿನಗಳಲ್ಲಿ ಹರಪನಹಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಬಸ್ಸಿಳಿದು ಬಂದವರೇ ಗಿಟಾರನ್ನೂ ಅದರ ಆಂಪ್ಲಿಫೈಯರನ್ನೂ ಮೇಜಿನ ಮೇಲಿಟ್ಟರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಗುಂಯ್ ಅಂತ ಒಂದ ಸಮ ಒದರ್ತೈತ್ರಿ. ಹಡಗಲ್ಯಾಗ ಮಂದಿ, ಜೇನುಹುಳ ಬಂದಾವ ಅಂತ ನಕ್ಕರು. ಕೂಡ್ಲಿಗ್ಯಾಗ ಗಣೇಶನ ಹಬ್ಬಕ್ಕ ಪ್ರೋಗ್ರಾಮ್ ಐತಿ. ಅಲ್ಲೂ ಹಿಂಗ ಆದ್ರ ಇನ್ನ ಬರಬ್ಯಾಡ ಅಂದಾರ ನಮ್ಮ ಲೀಡರ್ರು.”

“ಇದು ಆಂಪ್ಲಿಫೈಯರಿನ ದೋಷಾರಿ, ಕಂಡೆನ್ಸರ್ ಹೋಗಿರ್ತಾವ. ನಾಳಿ ಬರ್ರಿ,” ಎಂದೆ. ಗಿಟಾರನ್ನು ಮುಟ್ಟಿ ಕೂಡ ನೋಡಲಿಲ್ಲ.

ಮರುದಿನ ಹೊಸ ಕಂಡೆನ್ಸರ್ ಹಾಕಿದ ಆಂಪ್ಲಿಫೈಯರಿಗೆ ಅವರು ಗಿಟಾರು ಸಿಕ್ಕಿಸಿದರು. ಅದೇ ಗುಂಯ್. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ತಮ್ಮ ಎರಡೂ ಅಂಗೈ ನೋಡಿಕೊಂಡರು.

“ನನ್ನ ಕೈಯಾಗ ಏನರ ಐತೇನ್ರಿ? ಕೆಲವರ ಕೈಗೆ ಈ ವಾದ್ಯ ಒಲಿಯಂಗಿಲ್ಲ ಅಂತಾರ ಲೀಡರ್ರು.”

ಆ ‘ಕೆಲವರು’ ಯಾವ ಕೇರಿಯವರೆಂದು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆಮೇಲೆ ನನಗೆ ಬೇರೆ ಕೆಲಸ ಬೇಡವಾಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ.

ಮೊದಲು ಗಿಟಾರಿನ ಮೇಲಿನ ವಾಲ್ಯೂಮ್ ತಿರುಪನ್ನು ಪೂರ್ತಿ ಇಳಿಸಿದೆ. ಸದ್ದು ನಿಂತಿತು. ಅಂದರೆ ಆಂಪ್ಲಿಫೈಯರ್ ಸರಿಯಾಗಿದೆ, ದೋಷ ಅದಕ್ಕಿಂತ ಮುಂಚೆಯೇ ಇದೆ. ಇಷ್ಟನ್ನು ನಿನ್ನೆಯೇ ನೋಡಬೇಕಿತ್ತು. ವಾಲ್ಯೂಮ್ ಮತ್ತೆ ಏರಿಸಿ ಕೇಬಲ್ ಬದಲಿಸಿದೆ, ಉಪಯೋಗವಾಗಲಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಆರಿಸಿದಾಗ ತುಸು ತಗ್ಗಿತು, ಹೋಗಲಿಲ್ಲ. ಮೇಷ್ಟ್ರು ಒಮ್ಮೆ ತಂತಿ ಹಿಡಿಯುತ್ತ, ಒಮ್ಮೆ ಕೇಬಲ್ ಅಲ್ಲಾಡಿಸುತ್ತ ನಿಂತಿದ್ದರು.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. “ಅವ್ರು ತಂತಿ ಮುಟ್ಟಿದ್ರ ಏನೂ ಆಗವಲ್ದು. ಕೇಬಲ್ಲಿನ ತುದಿಯ ಪಿನ್ ಮುಟ್ಟಿದ್ರ ಸದ್ದು ತಗ್ಗತೈತಿ ನೋಡ್ರಿ,” ಎಂದಳು.

ಮತ್ತೆ ಮುಟ್ಟಿಸಿ ನೋಡಿದೆ. ಹೌದು! ಪಿನ್ನಿನ ಲೋಹ ಮುಟ್ಟಿದರೆ ಇಳಿಯುವ ಸದ್ದು ತಂತಿ ಮುಟ್ಟಿದರೂ ಇಳಿಯಬೇಕು. ಇಳಿಯುತ್ತಿಲ್ಲವೆಂದರೆ ಎರಡರ ನಡುವಿನ ವೈರು ಎಲ್ಲೋ ಕಡಿದಿದೆ. ಗಿಟಾರಿನ ತಗಡು ಬಿಚ್ಚಿದೆ. ತಂತಿಗಳು ಕೆಳತುದಿಯಲ್ಲಿ ಕೂರುವ ಲೋಹದ ಪಟ್ಟಿಯಿಂದ ಒಳಗೆ ಬಂದ ತೆಳ್ಳನೆಯ ವೈರು ಬೆಸುಗೆ ಬಿಟ್ಟು ಜೋತಾಡುತ್ತಿತ್ತು. ಹಿಂದೆ ಯಾರೋ ಅವಸರದಲ್ಲಿ ಹಾಕಿದ ಬೆಸುಗೆ. ಕೆರೆದು, ಹೊಸದಾಗಿ ಬೆಸೆದೆ. ಹೊರಗಿನ ಕರೆಂಟಿನ ಸದ್ದು ತಡೆಯಲೆಂದು ಒಳಗಿನ ಗೂಡಿಗೆ ಚಹಾ ಪೆಟ್ಟಿಗೆಯ ಬೇಗಡೆ ಹಾಳೆ ಅಂಟಿಸಿ, ಒಂದು ಸ್ಕ್ರೂ ಹಾಕಿ ಅದನ್ನೂ ಆ ವೈರಿಗೇ ಸೇರಿಸಿದೆ. ತಂತಿ ಹಿಡಿದವರಿಗೆ ಶಾಕ್ ಹೊಡೆಯಬಾರದೆಂದು ಆಂಪ್ಲಿಫೈಯರಿನ ಅರ್ಥಿಂಗ್ ಕೂಡ ಎರಡೆರಡು ಸಲ ನೋಡಿದೆ.

ಮೇಷ್ಟ್ರು ಹೆದರುತ್ತಲೇ ತಂತಿಯ ಮೇಲೆ ಕೈಯಿಟ್ಟರು. ಗುಂಯ್ ಎನ್ನುವುದು ಅಡಗಿತು. ಕೈ ತೆಗೆದರೆ ಸಣ್ಣಗೆ ಬಂತು, ಇಟ್ಟರೆ ಹೋಯಿತು.

“ನೋಡ್ರಿ ಮೇಷ್ಟ್ರ, ನಿಮ್ಮ ಕೈ ಬಿದ್ರನ ಸುಮ್ನಾಕ್ಕೈತಿ ಇದು,” ಎಂದೆ. ಅವರು ಆಗ ಕೂತರು, ಕೂತು ತಣ್ಣಗಾಗಿದ್ದ ಚಹಾ ಕುಡಿದರು.

ಕೂಡ್ಲಿಗಿಗೆ ನಾನೂ ಹೋದೆ. ವೇದಿಕೆಯ ಕಂಬಕ್ಕೆ ಕಟ್ಟಿದ್ದ ಟ್ಯೂಬ್‌ಲೈಟನ್ನು ಮೈಕಿನವರಿಗೆ ಹೇಳಿ ಆರಿಸಿ, ಬಲ್ಬು ಹಾಕಿಸಿದೆ. ಹಾಡು ಹಾಡಿನ ನಡುವೆ ಜನರ ಕೆಮ್ಮು ಕೇಳಿಸುವಷ್ಟು ನಿಶ್ಶಬ್ದ. ನಾಲ್ಕನೆಯ ಹಾಡು ಮುಗಿದಾಗ ಲೀಡರು ಹಿಂದೆ ತಿರುಗಿ, “ಮುಂದಿಂದು ಗಿಟಾರಿಂದ ಶುರು ಆಗ್ಲಿ, ಮೇಷ್ಟ್ರ,” ಎಂದರು. ತಪ್ಪಾಯಿತು ಎನ್ನಲಿಲ್ಲ. ಮೇಷ್ಟ್ರು ಅದನ್ನು ಕಾಯಲೂ ಇಲ್ಲ, ಶುರು ಮಾಡಿಬಿಟ್ಟರು.

ಮನೆಗೆ ಬಂದಾಗ ಹೆಂಡತಿ ಕೇಳಿದಳು: “ಏನೇನ ನುಡಿಸಿದ್ರು?”

ಒಂದು ಹಾಡೂ ನೆನಪಿಗೆ ಬರಲಿಲ್ಲ. ಸದ್ದು ಎಲ್ಲಿ ಬಂದೀತೋ ಎಂದು ಕಿವಿ ನಿಮಿರಿಸಿಕೊಂಡೇ ಕೂತವನು ಹಾಡಿನ ಕಡೆ ಲಕ್ಷ್ಯವನ್ನೇ ಕೊಟ್ಟಿರಲಿಲ್ಲ.

“ಮುಂದಿನ ಸಲ ನಾನ ಹೋಗಿ ಕೇಳ್ತೀನಿ ಬಿಡ್ರಿ,” ಎಂದು ನಕ್ಕಳು. ಹಿರೇಹಡಗಲಿಯ ಕಾರ್ಯಕ್ರಮಕ್ಕೆ ಹೋಗಿಯೂ ಬಂದಳು.